ಸುತ್ತಿಗೆ ಏಟಿನಿಂದ ನಡಿಗೆಯವರೆಗೆ: ನಿಕೊಲಾಯ್ ಬರ್ನ್‌ಸ್ಟೈನ್

ಹಾಸ್ಟೆಲ್ ಬಾತ್‌ರೂಮಿನ ಒದ್ದೆ ನೆಲದ ಮೇಲೆ ನಾವ್ಯಾರೂ ಕಾರಿಡಾರಿನಲ್ಲಿ ನಡೆದ ಹಾಗೆ ನಡೆಯಲ್ಲ. ಹೆಜ್ಜೆ ಚಿಕ್ಕದಾಗುತ್ತೆ, ಪಾದ ಮೆಲ್ಲಗೆ ಊರುತ್ತೆ. ಯಾರೂ ಹೇಳಿಕೊಟ್ಟಿದ್ದಲ್ಲ. ನಮ್ಮ ದೇಹ ಇದನ್ನು ಹೇಗೆ ನಿಭಾಯಿಸುತ್ತೆ ಅಂತ ಜೀವಮಾನವಿಡೀ ಹುಡುಕಿದವರು ನಿಕೊಲಾಯ್ ಬರ್ನ್‌ಸ್ಟೈನ್.

ಹುಟ್ಟಿದ್ದು 1896ರಲ್ಲಿ, ಮಾಸ್ಕೋದಲ್ಲಿ. ತಂದೆ ಮನೋವೈದ್ಯರು. ಮಗನೂ ವೈದ್ಯಕೀಯ ಓದಿ, ಅಂತರ್ಯುದ್ಧದ ಕಾಲದಲ್ಲಿ ಕೆಂಪು ಸೇನೆಯ ಡಾಕ್ಟರಾದರು. 1922ರಲ್ಲಿ ಮಾಸ್ಕೋದ ಕೇಂದ್ರ ಶ್ರಮ ಸಂಸ್ಥೆ ಸೇರಿದರು. ಕೆಲಸಗಾರರ ಚಲನೆಯನ್ನು ಅಳೆದು ಸುಧಾರಿಸುವುದು ಆ ಸಂಸ್ಥೆಯ ಗುರಿ.

ಅಲ್ಲಿ ಅವರು ಉಳಿಯ ಮೇಲೆ ಸುತ್ತಿಗೆ ಹೊಡೆಯುವವರ ಕೀಲುಗಳಿಗೆ ಪುಟ್ಟ ಬಲ್ಬ್ ಕಟ್ಟಿದರು. ಕ್ಯಾಮೆರಾ ಮುಂದೆ ತಿರುಗುವ ಶಟರ್ ಇಟ್ಟರು. ಚಲನೆಯೆಲ್ಲ ಒಂದೇ ಪ್ಲೇಟಿನ ಮೇಲೆ ಬೆಳಕಿನ ಚುಕ್ಕಿಗಳ ಸಾಲಾಗಿ ಬಿತ್ತು. ನುರಿತ ಕೈ ಯಂತ್ರದ ಹಾಗೆ ಪ್ರತಿ ಸಲ ಒಂದೇ ದಾರಿ ಹಿಡಿಯುತ್ತೆ ಅಂತ ನಾವಾದರೂ ಅಂದುಕೊಳ್ಳುತ್ತಿದ್ದೆವು. ಚುಕ್ಕಿಗಳು ಬೇರೆಯದನ್ನೇ ಹೇಳಿದವು. ಭುಜ, ಮೊಣಕೈ, ಮಣಿಕಟ್ಟು ಪ್ರತಿ ಏಟಿಗೂ ಸ್ವಲ್ಪ ಬೇರೆ ಬೇರೆ. ಸುತ್ತಿಗೆ ಮಾತ್ರ ಗುರಿಗೇ ಬೀಳುತ್ತಿತ್ತು. ಅಂದರೆ ಅಭ್ಯಾಸ ಎಂದರೆ ಚಲನೆಯನ್ನು ಬಾಯಿಪಾಠ ಮಾಡುವುದಲ್ಲ, ಅದೇ ಲೆಕ್ಕವನ್ನು ಪ್ರತಿ ಸಲ ಹೊಸದಾಗಿ ಬಿಡಿಸುವುದು.

ಆಮೇಲೆ ಬಲ್ಬುಗಳು ನಡೆಯುವವರ ಕಾಲಿಗೆ ಬಂದವು. ಪಾದಚಾರಿ ಸೇತುವೆಗಳ ವಿನ್ಯಾಸಕ್ಕೆ ನಡಿಗೆಯ ಅಳತೆ ಬೇಕಿತ್ತು. ಮುಂದೆ ಮಕ್ಕಳ, ಮುದುಕರ ನಡಿಗೆಯನ್ನೂ ಅಳೆದರು. ಕಾಲಿನಲ್ಲಿ ಕೀಲುಗಳು, ಸ್ನಾಯುಗಳು ಎಷ್ಟೊಂದು! ಎಲ್ಲವನ್ನೂ ಒಟ್ಟಿಗೆ ಹತೋಟಿಗೆ ತರುವುದು ಹೇಗೆ? ಹೊಸದಾಗಿ ಕಲಿಯುವವರು ಮೊದಲು ಕೀಲುಗಳನ್ನು ಬಿಗಿಹಿಡಿದು ಲೆಕ್ಕ ಸುಲಭ ಮಾಡಿಕೊಳ್ಳುತ್ತಾರೆ, ಪಳಗಿದ ಹಾಗೆ ಒಂದೊಂದಾಗಿ ಸಡಿಲಿಸುತ್ತಾರೆ ಎಂಬುದು ಅವರ ಉತ್ತರ. ಮೊದಲ ದಿನ ಸೈಕಲ್ ಹತ್ತಿದಾಗ ಹ್ಯಾಂಡಲ್ ಹಿಡಿದಿದ್ದ ಬಿಗಿ ನೆನಪಿದೆ ತಾನೆ?

ಇನ್ನೊಂದು ಮಾತನ್ನೂ ಅವರು ಕಂಡುಕೊಂಡರು. ಮೆದುಳು ಒಂದೇ ಆಜ್ಞೆ ಕಳಿಸಿದರೂ ನೆಲ, ಭಾರ, ಕಾಲಿನ ಭಂಗಿ ಬದಲಾದರೆ ಫಲ ಬೇರೆಯಾಗುತ್ತೆ. ಹಾಗಾಗಿ ಕಾಲಿನಿಂದ ಸುದ್ದಿ ವಾಪಸ್ ಬರಲೇಬೇಕು, ಆಜ್ಞೆ ತಿದ್ದಿಕೊಳ್ಳುತ್ತಲೇ ಇರಬೇಕು. ನಾವು ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಓದುವ ಫೀಡ್‌ಬ್ಯಾಕ್ ಇದೇ. ವೀನರ್ ಅವರ ಸೈಬರ್ನೆಟಿಕ್ಸ್ ಪುಸ್ತಕ ಬಂದದ್ದು 1948ರಲ್ಲಿ. ಬರ್ನ್‌ಸ್ಟೈನ್ 1930ರ ದಶಕದಲ್ಲೇ ಇದನ್ನು ಬರೆದಿದ್ದರು.

ಆದರೆ ಆ ದೇಶದಲ್ಲಿ ಪಾವ್ಲೋವ್ ಹೇಳಿದ್ದೇ ಶರೀರಶಾಸ್ತ್ರ. ಪ್ರಚೋದನೆ, ಪ್ರತಿಕ್ರಿಯೆ, ಅಲ್ಲಿಗೆ ಮುಗೀತು. ಅಷ್ಟು ಸಾಲದು ಎಂದವರು ಬರ್ನ್‌ಸ್ಟೈನ್. 1947ರ ಅವರ ಪುಸ್ತಕಕ್ಕೆ ಮರುವರ್ಷವೇ ಸ್ಟಾಲಿನ್ ಪ್ರಶಸ್ತಿ ಬಂತು. ಎರಡೇ ವರ್ಷದಲ್ಲಿ ಗಾಳಿ ತಿರುಗಿತು. 1950ರಲ್ಲಿ ಪಾವ್ಲೋವ್ ಮತವನ್ನೇ ಸರ್ಕಾರಿ ಮತವಾಗಿಸಿದ ಅಧಿವೇಶನದ ನಂತರ ಟೀಕೆಗಳ ಸುರಿಮಳೆ. ಲ್ಯಾಬೂ ಹೋಯಿತು, ಕೆಲಸವೂ ಹೋಯಿತು. 1966ರಲ್ಲಿ ತೀರಿಕೊಂಡರು. ಅವರ ಲೇಖನಗಳ ಇಂಗ್ಲಿಷ್ ಅನುವಾದ ಬಂದದ್ದು 1967ರಲ್ಲಿ.

ಇವತ್ತು ಎರಡು ಬೆಲ್ಟ್‌ಗಳ ಟ್ರೆಡ್‌ಮಿಲ್ ಇದೆ. ಒಂದು ಬೆಲ್ಟ್ ಜೋರು, ಇನ್ನೊಂದು ನಿಧಾನ. ಹತ್ತಿದವರು ಮೊದಲು ಕುಂಟುತ್ತಾರೆ, ಕೆಲವೇ ನಿಮಿಷಗಳಲ್ಲಿ ಹೊಂದಿಕೊಳ್ಳುತ್ತಾರೆ. ಎರಡನ್ನೂ ಸಮ ಮಾಡಿದರೆ ಈಗ ಉಲ್ಟಾ ಕುಂಟುತ್ತಾರೆ! ಕಾಲು ಕಲಿತಿದೆ ಅನ್ನೋದಕ್ಕೆ ಇದೇ ಸಾಕ್ಷಿ. ಪಾರ್ಶ್ವವಾಯುವಾದವರ ನಡಿಗೆ ಸರಿಪಡಿಸಲು ಇದನ್ನೇ ಬಳಸಿ ನೋಡುತ್ತಿದ್ದಾರೆ.

ನಮ್ಮ ರೋಬೋಟ್ ಟೈಲ್ಸ್ ಮೇಲೆ ಚೆನ್ನಾಗಿ ನಡೆದು ಹುಲ್ಲಿನ ಮೇಲೆ ಬಿದ್ದರೆ, ಕೋಡ್ ಬೈಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಾವು ಅದಕ್ಕೆ ಹೆಜ್ಜೆ ಬಾಯಿಪಾಠ ಮಾಡಿಸಿದ್ದೀವಾ, ಲೆಕ್ಕ ಬಿಡಿಸೋದು ಕಲಿಸಿದ್ದೀವಾ?