ತಿಂಗಳಿಗೊಂದು ಚಿತ್ರ

ಈ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದಾಗ ನಾನು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದುದು ಕೆನೆತ್ ಕ್ಲಾರ್ಕ್ ಅವರ ಕಥೆ. 1903ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಕಲಾ ಇತಿಹಾಸಕಾರರು ಮೂವತ್ತನೆಯ ವಯಸ್ಸಿಗೇ ಅಲ್ಲಿನ ನ್ಯಾಷನಲ್ ಗ್ಯಾಲರಿಯ ನಿರ್ದೇಶಕರಾದರು.

1939ರಲ್ಲಿ ಯುದ್ಧ ಬಂತು. ಚಿತ್ರಗಳನ್ನು ವೇಲ್ಸಿಗೆ ಸಾಗಿಸಿ, 1941ರಲ್ಲಿ ಮ್ಯಾನೋಡ್ ಕಲ್ಲುಗಣಿಯೊಳಗೆ ಇರಿಸಿದರು. ಆದರೆ ಬರಿದಾದ ಗ್ಯಾಲರಿಗೆ ಬೀಗ ಹಾಕಲಿಲ್ಲ. ಅಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ ಅವರ ಮಧ್ಯಾಹ್ನದ ಕಚೇರಿಗಳು ನಡೆದವು. 1942ರಿಂದ ತಿಂಗಳಿಗೊಂದು ಚಿತ್ರವನ್ನು ಗಣಿಯಿಂದ ತರಿಸಿ ತೂಗುಹಾಕಿದರು. ಬಾಂಬಿನ ಭಯದಲ್ಲೂ ಜನ ನೋಡಲು ಬಂದರು.

1969ರಲ್ಲಿ ‘ಸಿವಿಲೈಸೇಷನ್’ ಎಂಬ ಟಿವಿ ಸರಣಿಯಿಂದ ಮನೆಮನೆಗೆ ಕಲೆಯನ್ನು ಮುಟ್ಟಿಸಿದ ಅವರು 1983ರಲ್ಲಿ ತೀರಿಕೊಂಡರು.

ಚಿತ್ರಕಲೆಗೆಂದು ಕೊಠಡಿಯಿಲ್ಲದ ದಿನಗಳಲ್ಲಿ ನಾನು ನಮ್ಮ ಜಗುಲಿಯ ಗೋಡೆಗೆ ತಿಂಗಳಿಗೊಂದು ಚಿತ್ರ ತೂಗುಹಾಕುತ್ತಿದ್ದುದು ಅವರಿಂದ ಕಲಿತೇ.