ಕರುಳಿನ ಕಾಯಿಲೆಗೆ ಹೆಸರಾದ ಡಾ. ಕ್ರೋನ್

ತಂದೆಯನ್ನು ಕಾಡುತ್ತಿದ್ದ ಅಜೀರ್ಣದ ಬಾಧೆ ಕಂಡು ಮರುಗಿ ವೈದ್ಯರಾದವರು ಬರ್ರಿಲ್ ಬರ್ನಾರ್ಡ್ ಕ್ರೋನ್. ಮುಂದೆ ಕರುಳಿನ ಕಾಯಿಲೆಯೊಂದಕ್ಕೆ ಅವರ ಹೆಸರೇ ನಿಂತಿತು.

1884ರ ಜೂನ್ 13ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಕ್ರೋನ್, 1907ರಲ್ಲಿ ಕೊಲಂಬಿಯಾದಿಂದ ವೈದ್ಯ ಪದವಿ ಪಡೆದು ಮೌಂಟ್ ಸಿನಾಯ್ ಆಸ್ಪತ್ರೆ ಸೇರಿದರು. ಹೊಟ್ಟೆನೋವು, ಭೇದಿ, ಜ್ವರಗಳಿಂದ ಸೊರಗಿ ಬಂದವರ ಕರುಳಿನ ಊತವನ್ನು ಆಗ ಹೆಚ್ಚಾಗಿ ಕ್ಷಯವೆಂದೇ ಭಾವಿಸಲಾಗುತ್ತಿತ್ತು. 1932ರಲ್ಲಿ ಕ್ರೋನ್, ಲಿಯಾನ್ ಗಿನ್ಜ್‌ಬರ್ಗ್ ಹಾಗೂ ಗಾರ್ಡನ್ ಒಪ್ಪೆನ್‌ಹೈಮರ್ 14 ರೋಗಿಗಳ ವಿವರ ಪ್ರಕಟಿಸಿ, ಇದು ಸಣ್ಣಕರುಳಿನ ಕೊನೆಯ ಭಾಗದ ಪ್ರತ್ಯೇಕ ರೋಗವೆಂದು ಸಾರಿದರು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಕೆನೆಡಿ ಡಾಲ್ಜಿಯೆಲ್ 1913ರಲ್ಲಿಯೇ ಇಂಥ ರೋಗಿಗಳ ಕುರಿತು ಬರೆದಿದ್ದರು. ಆದರೆ ಅಕ್ಷರಾನುಕ್ರಮದಲ್ಲಿ ಮೊದಲು ಬಂದ ಕ್ರೋನ್ ಹೆಸರೇ ರೋಗಕ್ಕೆ ಅಂಟಿಕೊಂಡಿತು.

ರೋಗ ಎಷ್ಟು ಉಲ್ಬಣಿಸಿದೆಯೆಂದು ಅರಿಯಲು ಆಗ ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇ, ಇಲ್ಲವೇ ಹೊಟ್ಟೆ ಕೊಯ್ದ ಶಸ್ತ್ರವೈದ್ಯರ ಕಣ್ಣೇ ಆಧಾರ. 1976ರಲ್ಲಿ ರೋಗಲಕ್ಷಣಗಳಿಗೆ ಅಂಕ ನೀಡುವ ಸೂಚ್ಯಂಕ ಬಂದಿತು. ಆದರೆ ನೋವು ಇಳಿದರೂ ಒಳಗೆ ಹುಣ್ಣು ಉಳಿದಿರಬಹುದು. ಆದುದರಿಂದ ಇಂದು ಎಂಡೋಸ್ಕೋಪಿಯ ಮೂಲಕ ಹುಣ್ಣಿನ ಗಾತ್ರ, ವ್ಯಾಪ್ತಿ ಮತ್ತು ಕರುಳು ಕಿರಿದಾದ ಪ್ರಮಾಣವನ್ನು ಅಳೆಯುತ್ತಾರೆ. ಉರಿಯೂತದ ಏರಿಳಿತ ತಿಳಿಯಲು ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷಿಸುತ್ತಾರೆ.

1983ರ ಜುಲೈ 29ರಂದು, 99ನೇ ವಯಸ್ಸಿನಲ್ಲಿ ಕ್ರೋನ್ ನಿಧನರಾದರು. ಅವರು ಬೇರ್ಪಡಿಸಲು ಶ್ರಮಿಸಿದ ಗೊಂದಲ ಮಾತ್ರ ಪೂರ್ತಿ ಅಳಿದಿಲ್ಲ. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಕರುಳಿನ ಕ್ಷಯ ಯಾವುದು, ಕ್ರೋನ್ ಕಾಯಿಲೆ ಯಾವುದು ಎಂದು ನಿರ್ಣಯಿಸುವುದು ವೈದ್ಯರಿಗೆ ಇಂದಿಗೂ ಸವಾಲು. ಒಂದರ ಮದ್ದು ಇನ್ನೊಂದಕ್ಕೆ ಅಪಾಯವಾದೀತು.