ಇವಾನ್ ಪಾವ್ಲೋವ್

ಇವಾನ್ ಪೆಟ್ರೋವಿಚ್ ಪಾವ್ಲೋವ್ (ಸೆಪ್ಟೆಂಬರ್ 26, 1849 – ಫೆಬ್ರವರಿ 27, 1936) ರಷ್ಯಾದ ಶರೀರಕ್ರಿಯಾ ವಿಜ್ಞಾನಿ. ಜೀರ್ಣಕ್ರಿಯೆಯ ಕುರಿತ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಇವರು ಆ ಗೌರವಕ್ಕೆ ಪಾತ್ರರಾದ ಮೊದಲ ರಷ್ಯನ್. ನಾಯಿಗಳ ಮೇಲೆ ನಡೆಸಿದ ಅನುಬಂಧಿತ ಪ್ರತಿವರ್ತನೆಯ ಪ್ರಯೋಗಗಳಿಂದ ಲೋಕಪ್ರಸಿದ್ಧರಾದರು. ಪ್ರಾಣಿಯ ಉದ್ರೇಕವಷ್ಟೇ ಅಲ್ಲ, ಅದರ ಶಾಂತತೆಯೂ ಕಲಿಕೆಯಿಂದ ರೂಪುಗೊಳ್ಳುತ್ತದೆ ಎಂಬ ಇವರ ವಿಚಾರ ಇಂದಿನ ಶ್ವಾನ ತರಬೇತಿಯ ತಳಹದಿಗಳಲ್ಲಿ ಒಂದು.

ಜನನ ಮತ್ತು ವಿದ್ಯಾಭ್ಯಾಸ

ಪಾವ್ಲೋವ್ ರಷ್ಯಾದ ರಿಯಾಜಾನ್ ಪಟ್ಟಣದಲ್ಲಿ ಜನಿಸಿದರು. ತಂದೆ ಪ್ಯೋತ್ರ್ ಪಾವ್ಲೋವ್ ಚರ್ಚಿನ ಪಾದ್ರಿ. ಮಗನೂ ಅದೇ ವೃತ್ತಿಗೆಂದು ಊರಿನ ಧಾರ್ಮಿಕ ಪಾಠಶಾಲೆ ಸೇರಿದ್ದರು. ಮೆದುಳಿನ ಪ್ರತಿವರ್ತನೆಗಳನ್ನು ಕುರಿತು ಸೆಚೆನೋವ್ ಬರೆದ ಗ್ರಂಥದ ಪ್ರಭಾವಕ್ಕೆ ಒಳಗಾಗಿ ವಿಜ್ಞಾನದತ್ತ ಹೊರಳಿದರು. 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯವನ್ನು ಸೇರಿ, 1875ರಲ್ಲಿ ಪದವಿ ಪಡೆದು, ಬಳಿಕ ವೈದ್ಯಶಾಸ್ತ್ರವನ್ನು ಅಭ್ಯಸಿಸಿದರು. 1881ರಲ್ಲಿ ಸೆರಾಫಿಮಾ ಕಾರ್ಚೆವ್‌ಸ್ಕಾಯಾ ಅವರನ್ನು ವಿವಾಹವಾದರು. ಹೃದಯದ ನರಗಳನ್ನು ಕುರಿತ ಪ್ರಬಂಧಕ್ಕೆ 1883ರಲ್ಲಿ ಡಾಕ್ಟರೇಟ್ ದೊರೆಯಿತು.

ಜೀರ್ಣಕ್ರಿಯೆಯ ಸಂಶೋಧನೆ

1890ರಲ್ಲಿ ಸೈನಿಕ ವೈದ್ಯಕೀಯ ಅಕಾಡೆಮಿಯ ಪ್ರಾಧ್ಯಾಪಕರಾದ ಪಾವ್ಲೋವ್, ಮರುವರ್ಷ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯ ಶರೀರಕ್ರಿಯಾ ವಿಭಾಗದ ಹೊಣೆಯನ್ನೂ ಹೊತ್ತರು. ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಜಠರರಸ ಮತ್ತು ಜೊಲ್ಲನ್ನು ಹೊರಗೆ ಸಂಗ್ರಹಿಸುವ ವಿಧಾನವನ್ನು ಅವರು ಪರಿಷ್ಕರಿಸಿದರು. ಶಸ್ತ್ರಚಿಕಿತ್ಸೆಯ ಗಾಯ ಮಾಯ್ದ ನಾಯಿಯನ್ನು ದೀರ್ಘಕಾಲ ಸಹಜ ಸ್ಥಿತಿಯಲ್ಲಿ ಗಮನಿಸುವುದು ಅವರ ಉದ್ದೇಶವಾಗಿತ್ತು. ಆದರೂ ಈ ಪ್ರಯೋಗಗಳು ಅನೇಕ ನಾಯಿಗಳಿಗೆ ನೋವನ್ನೂ ಸಾವನ್ನೂ ತಂದವು.

ಅನುಬಂಧಿತ ಪ್ರತಿವರ್ತನೆ

ಆಹಾರ ಬಾಯಿಗೆ ತಲುಪುವ ಮುನ್ನವೇ, ಅದನ್ನು ತರುವ ವ್ಯಕ್ತಿಯನ್ನು ಕಂಡೊಡನೆ ನಾಯಿಗಳು ಜೊಲ್ಲು ಸುರಿಸುವುದು ಸಂಶೋಧನೆಯ ಹೊಸ ದಾರಿ ತೆರೆಯಿತು. ಮೆಟ್ರೊನೋಮ್ ಎಂಬ ತಾಳಯಂತ್ರದ ಸದ್ದು, ಬೆಳಕು, ಚರ್ಮದ ಸ್ಪರ್ಶ ಮುಂತಾದವನ್ನು ಆಹಾರದೊಡನೆ ಮತ್ತೆ ಮತ್ತೆ ಜೋಡಿಸಿದಾಗ, ಕೊನೆಗೆ ಆ ಸಂಕೇತವೊಂದೇ ಜೊಲ್ಲು ಸುರಿಸಲು ಸಾಕಾಗುತ್ತಿತ್ತು. ಇದನ್ನು ಪಾವ್ಲೋವ್ 1903ರಲ್ಲಿ ಮ್ಯಾಡ್ರಿಡ್‌ನ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ವಿವರಿಸಿದರು. ಮನೋವಿಜ್ಞಾನದಲ್ಲಿ ಇದು ಶಾಸ್ತ್ರೀಯ ಅನುಬಂಧನ ಎಂದು ಹೆಸರಾಗಿದೆ.

ಉದ್ರೇಕ ಮತ್ತು ಪ್ರತಿಬಂಧ

ಸುಮ್ಮನಿರುವುದನ್ನು ಪಾವ್ಲೋವ್ ಕೇವಲ ಕ್ರಿಯೆಯ ಅಭಾವವೆಂದು ಕಾಣಲಿಲ್ಲ. ಪ್ರತಿಬಂಧವೆಂಬ ಸಕ್ರಿಯ ನರಪ್ರಕ್ರಿಯೆ ಅದರ ಹಿಂದಿದೆ ಎಂದು ಭಾವಿಸಿದರು. ಸಂಕೇತಕ್ಕೂ ಆಹಾರಕ್ಕೂ ನಡುವಿನ ಅವಧಿಯನ್ನು ಮೆಲ್ಲಮೆಲ್ಲನೆ ಹೆಚ್ಚಿಸಿದರೆ, ನಾಯಿ ಆರಂಭದಲ್ಲಿ ಶಾಂತವಾಗಿದ್ದು ಆಹಾರದ ಹೊತ್ತು ಸಮೀಪಿಸಿದಾಗಷ್ಟೇ ಜೊಲ್ಲು ಸುರಿಸುತ್ತಿತ್ತು.

ಈ ಸಾಮರ್ಥ್ಯಕ್ಕೂ ಮಿತಿಯಿತ್ತು. ಅವರ ಪ್ರಯೋಗಾಲಯದ ಶೆಂಗರ್-ಕ್ರೆಸ್ತೊವ್ನಿಕೋವಾ ಅವರು ವೃತ್ತ ಕಂಡರೆ ಆಹಾರವಿದೆ, ದೀರ್ಘವೃತ್ತ ಕಂಡರೆ ಇಲ್ಲ ಎಂಬುದನ್ನು ಒಂದು ನಾಯಿಗೆ ಕಲಿಸಿದರು. ದೀರ್ಘವೃತ್ತವನ್ನು ಹಂತಹಂತವಾಗಿ ದುಂಡಾಗಿಸುತ್ತ ಅಕ್ಷಗಳ ಅನುಪಾತ 9:8ಕ್ಕೆ ಬಂದಾಗ ನಾಯಿ ಭೇದ ತಿಳಿಯಲಾರದೆ ಚಡಪಡಿಸಿ, ಕಿರುಚಿ, ಉಪಕರಣಗಳನ್ನು ಕಚ್ಚತೊಡಗಿತು. ಮೊದಲು ಸುಲಭವಾಗಿ ಮಾಡುತ್ತಿದ್ದುದನ್ನೂ ಅದು ಮರೆತಿತ್ತು. ಈ ಸ್ಥಿತಿಯನ್ನು ಪಾವ್ಲೋವ್ ಹಟಮಾರಿತನವೆಂದು ಬಗೆಯದೆ, ಉದ್ರೇಕ ಮತ್ತು ಪ್ರತಿಬಂಧಗಳ ಘರ್ಷಣೆಯಿಂದ ಬಂದ ನರರೋಗವೆಂದು ಪರಿಗಣಿಸಿದರು.

1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ಗೆ ಪ್ರವಾಹ ಬಂದು ನಾಯಿಗಳ ಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನು ರಕ್ಷಿಸಲಾಯಿತಾದರೂ ಕೆಲವು ತಾವು ಕಲಿತ ಪ್ರತಿವರ್ತನೆಗಳನ್ನು ಕಳೆದುಕೊಂಡವು. ಚೇತರಿಸಿಕೊಂಡ ಒಂದು ನಾಯಿಯ ಕೋಣೆಗೆ ಬಾಗಿಲಡಿಯಿಂದ ಸ್ವಲ್ಪ ನೀರು ಹರಿಯಬಿಟ್ಟಾಗ ಅದು ಮತ್ತೆ ಕಂಗೆಟ್ಟಿತು. ಎಲ್ಲ ನಾಯಿಗಳೂ ಒಂದೇ ಬಗೆಯಲ್ಲಿ ಕುಸಿಯಲಿಲ್ಲ. ನರಮಂಡಲದ ಬಲ, ಸಮತೋಲ ಮತ್ತು ಚಲನಶೀಲತೆಯನ್ನು ಆಧರಿಸಿ ಪಾವ್ಲೋವ್ ನಾಯಿಗಳ ಸ್ವಭಾವವನ್ನು ವರ್ಗೀಕರಿಸಿದರು.

ಕೊನೆಯ ವರ್ಷಗಳು

ಕ್ರಾಂತಿಯ ನಂತರದ ಅಭಾವದ ದಿನಗಳಲ್ಲಿ, 1921ರಲ್ಲಿ, ಲೆನಿನ್ ಸರ್ಕಾರ ಅವರ ಸಂಶೋಧನೆಗೆ ವಿಶೇಷ ನೆರವು ಒದಗಿಸಿತು. ಆದರೂ ಪಾವ್ಲೋವ್ ಸೋವಿಯತ್ ಆಡಳಿತದ ದಬ್ಬಾಳಿಕೆಯನ್ನು ಬಹಿರಂಗವಾಗಿ ಟೀಕಿಸಿದರು. 1935ರಲ್ಲಿ ಲೆನಿನ್‌ಗ್ರಾಡ್‌ನ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯ ಆವರಣದಲ್ಲಿ ಪ್ರಯೋಗದ ನಾಯಿಗಳ ಸ್ಮಾರಕ ಸ್ಥಾಪನೆಯಾಯಿತು. ಮರುವರ್ಷ ಪಾವ್ಲೋವ್ ನ್ಯುಮೋನಿಯಾದಿಂದ ನಿಧನರಾದರು.

ಶ್ವಾನ ತರಬೇತಿಯ ಮೇಲಿನ ಪ್ರಭಾವ

ಮೆದುಳಿನಲ್ಲಿ ಉದ್ರೇಕ ಮತ್ತು ಪ್ರತಿಬಂಧಗಳು ಅಲೆಗಳಂತೆ ಹರಡುತ್ತವೆ ಎಂಬ ಪಾವ್ಲೋವ್ ಅವರ ಊಹೆಯನ್ನು ನಂತರದ ನರವಿಜ್ಞಾನ ಒಪ್ಪಲಿಲ್ಲ. ವರ್ತನೆಯ ಫಲದಿಂದಾಗುವ ಕಲಿಕೆಯನ್ನು ಥಾರ್ನ್‌ಡೈಕ್ ಮತ್ತು ಸ್ಕಿನ್ನರ್ ವಿವರಿಸಿದರು. ಆದರೆ ಸಂಕೇತ ಮತ್ತು ಭಾವಸ್ಥಿತಿಯ ನಂಟನ್ನು ಕುರಿತ ಪಾವ್ಲೋವ್ ಅವರ ಶೋಧನೆ ಉಳಿದುಕೊಂಡಿದೆ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನ ತರಬೇತಿ ಶಾಲೆಯಿದೆ. ಸ್ಫೋಟಕ ಪತ್ತೆಹಚ್ಚುವ ನಾಯಿಗಳನ್ನು ಎಲ್ಲೆಡೆ ಪಳಗಿಸುವ ಕ್ರಮದಲ್ಲಿ, ನಿರ್ದಿಷ್ಟ ವಾಸನೆಯನ್ನು ಬಹುಮಾನದೊಡನೆ ಜೋಡಿಸುವುದು ಮೊದಲ ಪಾಠ.

ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ 1978ರಲ್ಲಿ ಆರಂಭವಾದ ಅಜಿಲಿಟಿ ಎಂಬ ಅಡೆತಡೆ ಓಟದಲ್ಲೂ ಈ ತತ್ತ್ವ ಕಾಣುತ್ತದೆ. ಮನೆಯಲ್ಲಿ ತಪ್ಪಿಲ್ಲದೆ ಓಡುವ ನಾಯಿ ಸ್ಪರ್ಧೆಯಲ್ಲಿ ಬೊಗಳಿ, ಅಡ್ಡಪಟ್ಟಿ ಬೀಳಿಸಿ, ಓಟ ಮುಗಿದರೂ ಹಗ್ಗ ಕಚ್ಚಿ ಎಳೆಯುವುದುಂಟು. ಜನಸಂದಣಿ, ಇತರ ನಾಯಿಗಳ ಸದ್ದು, ಆರಂಭದ ಗೆರೆ ಇವೆಲ್ಲ ಅದಕ್ಕೆ ಉದ್ರೇಕದ ಸಂಕೇತಗಳಾಗಿರುತ್ತವೆ. ಆದ್ದರಿಂದ ತರಬೇತುದಾರರು ನಾಯಿಯನ್ನು ಓಡಿಸದೆಯೇ ಕಣದ ಬಳಿ ಕೂರಿಸಿ ಆಹಾರ ಕೊಡುತ್ತಾರೆ. ಕಾಯುವ ಅವಧಿಯನ್ನೂ ಅಡೆತಡೆಗಳ ಸಂಖ್ಯೆಯನ್ನೂ ಕ್ರಮೇಣ ಹೆಚ್ಚಿಸುತ್ತಾರೆ. ಪ್ರತಿ ಓಟದ ಕೊನೆಯಲ್ಲಿ ಹಗ್ಗ ತೊಡಿಸಿ, ನಿಧಾನವಾಗಿ ನಡೆಸಿಕೊಂಡು ಹೋಗಿ, ನಿಶ್ಶಬ್ದವಾದ ಜಾಗದಲ್ಲಿ ತಿನಿಸು ಕೊಡುವ ಕ್ರಮವನ್ನು ತಪ್ಪದೆ ಪಾಲಿಸಿದರೆ, ಕೊನೆಯ ಅಡೆತಡೆಯೇ ಶಾಂತತೆಯ ಸಂಕೇತವಾಗುತ್ತದೆ. ಅಲ್ಲಿ ಗದರಿದರೆ ಅದೇ ಜಾಗ ಭಯದ ಸಂಕೇತವಾಗುತ್ತದೆ.